ಕಪಾಟಿನಿಂದ ಕೂಟಕ್ಕೆ: ಬರೆಯಲು ವಸ್ತು ಹುಡುಕುವ ನನ್ನ ಕ್ರಮ

ಬರೆಯಲು ಏನೂ ಹೊಳೆಯದಾಗ ಗ್ರಂಥಾಲಯದ ಸಾಹಿತ್ಯ ವಿಭಾಗದ ಕಡೆ ನಾನು ತಲೆ ಹಾಕುವುದಿಲ್ಲ. ಅಲ್ಲಿರುವುದು ಇನ್ನೊಬ್ಬರ ಕೈಯಲ್ಲಿ ಪಳಗಿದ ವಸ್ತು. ಓದಿ ಎದ್ದರೆ ಅವರ ಧಾಟಿಯೇ ಕಿವಿಯಲ್ಲಿ ಉಳಿದು, ಬರೆದದ್ದೆಲ್ಲ ಅದೇ ಧಾಟಿಯಲ್ಲಿ ಬರುತ್ತದೆ. ಓದುವ ಸುಖಕ್ಕೆ ಆ ಕಪಾಟು ಬೇಕು, ವಸ್ತುವಿಗೆ ಬೇರೆ ಕಪಾಟು.

1876ರಲ್ಲಿ ಬಂದ, ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ವರ್ಗೀಕರಣವನ್ನು ಬಳಸುವ ಗ್ರಂಥಾಲಯವಾದರೆ ಸಾಹಿತ್ಯ 800ರಲ್ಲಿ ಇರುತ್ತದೆ. ನಾನು ಅಡ್ಡಾಡುವುದು 300 ಮತ್ತು 600ರ ಸಾಲುಗಳಲ್ಲಿ. 383ರಲ್ಲಿ ಅಂಚೆ, 393ರಲ್ಲಿ ಸಾವಿನ ಆಚರಣೆಗಳು, 398ರಲ್ಲಿ ಜಾನಪದ, 638ರಲ್ಲಿ ಜೇನು ಮತ್ತು ರೇಷ್ಮೆ ಸಾಕಣೆ, 641ರಲ್ಲಿ ಅಡುಗೆ. ಭಾರತದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಇರುವ ಕಡೆ ಸಂಖ್ಯೆಯ ಬದಲು ಇಂಗ್ಲಿಷ್ ಅಕ್ಷರ ನೋಡಬೇಕು: ಸಾಹಿತ್ಯಕ್ಕೆ ‘ಓ’, ಕೃಷಿಗೆ ‘ಜೆ’, ಸಮಾಜಶಾಸ್ತ್ರಕ್ಕೆ ‘ವೈ’. ಕಂಪ್ಯೂಟರ್ ಕ್ಯಾಟಲಾಗ್‌ನಲ್ಲಿ ಹುಡುಕಿದರೆ ಕೇಳಿದ್ದು ಮಾತ್ರ ಸಿಗುತ್ತದೆ. ಕಪಾಟಿನ ಮುಂದೆ ನಿಂತರೆ ಅದರ ಅಕ್ಕಪಕ್ಕದ್ದೂ ಕಣ್ಣಿಗೆ ಬೀಳುತ್ತದೆ, ನಮಗೆ ಬೇಕಾದದ್ದು ಬಹಳ ಸಲ ಆ ಪಕ್ಕದ ಪುಸ್ತಕವೇ.

ಕೈಗೆತ್ತಿಕೊಂಡ ಪುಸ್ತಕವನ್ನು ಮೊದಲ ಪುಟದಿಂದ ಓದುವುದಿಲ್ಲ. ಕೊನೆಯ ಪದಸೂಚಿ ತೆಗೆದು, ಅಲ್ಲಿ ಇರಬಾರದೆನ್ನಿಸುವ ಪದವನ್ನು ಹುಡುಕುತ್ತೇನೆ. ಕೈಪಿಡಿಗಳಲ್ಲಾದರೆ ‘ತೊಂದರೆಗಳು ಮತ್ತು ಪರಿಹಾರ’ ಎಂಬ ಅಧ್ಯಾಯ. ಒಂದು ಕೆಲಸ ಎಲ್ಲಿ ಕೆಡುತ್ತದೆ, ಕೆಟ್ಟದ್ದು ಯಾರಿಗೆ ಮೊದಲು ಗೊತ್ತಾಗುತ್ತದೆ ಎಂಬುದೆಲ್ಲ ಅಲ್ಲೇ ಇರುತ್ತದೆ, ಕಥೆಗೆ ಬೇಕಾದ್ದೂ ಅದೇ. ಜೇನುಸಾಕಣೆಯನ್ನೇ ನೋಡಿ. ರಾಣಿ ಸತ್ತರೆ ಕೆಲವು ಗಂಟೆಗಳಲ್ಲೇ ಗೂಡಿನ ಸದ್ದು ಬದಲಾಗುತ್ತದೆ. ಹೊಸ ರಾಣಿ ಹುಟ್ಟದೆ ವಾರಗಳು ಕಳೆದರೆ ಕೆಲಸಗಾರ ನೊಣಗಳೇ ಮೊಟ್ಟೆ ಇಡತೊಡಗುತ್ತವೆ. ಆ ಮೊಟ್ಟೆಗಳಿಂದ ಸಾಮಾನ್ಯವಾಗಿ ಹುಟ್ಟುವುದು ಗಂಡು ನೊಣಗಳು ಮಾತ್ರ, ಮಕರಂದ ತರುವವರಿಲ್ಲದೆ ಗೂಡು ಮೆಲ್ಲಗೆ ಬರಿದಾಗುತ್ತದೆ.

ಇದನ್ನು ಅಂಗೈಯಗಲದ ಕಾರ್ಡಿನ ಮೇಲೆ ನನ್ನ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಮೇಲ್ಗಡೆ ವರ್ಗಸಂಖ್ಯೆ, ಪುಸ್ತಕದ ಹೆಸರು, ಪುಟ. ನಡುವೆ ಸಂಗತಿ, ಮೂರು ಸಾಲು ಮೀರದಂತೆ. ಕೆಳಗೆ ಒಂದು ಪ್ರಶ್ನೆ: ‘ಜೇನುಪೆಟ್ಟಿಗೆ ತೆರೆಯದೆ, ಸದ್ದಿನಿಂದಲೇ ಇದನ್ನು ತಿಳಿಯಬಲ್ಲವರು ಯಾರು?’ ಪ್ರಶ್ನೆ ಬರೆಯದ ಕಾರ್ಡು ಬರೀ ಮಾಹಿತಿಯಾಗಿ ಸತ್ತುಹೋಗುತ್ತದೆ. ಪ್ರಶ್ನೆ ಇದ್ದರೆ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತ ಒಬ್ಬ ಮುದುಕಿ ಬರುತ್ತಾಳೆ, ಅವಳ ಮಾತನ್ನು ನಂಬದ ಮಗ ಬರುತ್ತಾನೆ. ಪುಸ್ತಕದ ವಾಕ್ಯವನ್ನೇ ಇಳಿಸಿಕೊಂಡರೆ ಉದ್ಧರಣ ಚಿಹ್ನೆ ಹಾಕಲೇಬೇಕು. ಇಲ್ಲವಾದರೆ ಆರು ತಿಂಗಳ ಮೇಲೆ ಅದು ನಮ್ಮದೇ ವಾಕ್ಯವೆಂದು ನಂಬಿ ಕಥೆಯೊಳಗೆ ಸೇರಿಸಿಬಿಡುತ್ತೇವೆ. ಮೊಬೈಲಿನಲ್ಲಿ ಪುಟದ ಫೋಟೊ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಕೈಯಲ್ಲಿ ಬರೆಯುವಾಗ ನಡೆಯುವ ಆಯ್ಕೆ ಫೋಟೊದಲ್ಲಿ ನಡೆಯುವುದೇ ಇಲ್ಲ.

ಹಳೆಯ ಪತ್ರಿಕೆಗಳ ಬೈಂಡ್ ಮಾಡಿದ ಸಂಪುಟಗಳಿದ್ದರೆ ಮುಖಪುಟ ಬಿಟ್ಟು ಒಳಗೆ ಹೋಗಿ: ಕಾಣೆಯಾದವರ ಪ್ರಕಟಣೆ, ಹರಾಜಿನ ನೋಟಿಸು, ವಾಚಕರ ಪತ್ರ, ತಿದ್ದುಪಡಿ. ಹಳೆಯ ನ್ಯೂಸ್‌ಪ್ರಿಂಟ್‌ನಲ್ಲಿರುವ ಆಮ್ಲದಿಂದ ಹಾಳೆ ಪೆಡಸಾಗಿರುತ್ತದೆ. ಸಂಪುಟವನ್ನು ಮೇಜಿನ ಮೇಲೆ ಪೂರ್ತಿ ಮಲಗಿಸಿ, ಎರಡೂ ಕೈಯಿಂದ ಮಗುಚಬೇಕು. ಗ್ರಂಥಪಾಲಕರ ಬಳಿ ‘ಕಥೆಗೆ ಏನಾದರೂ ವಿಷಯ ಇದೆಯಾ’ ಎಂದು ಕೇಳಿದರೆ ಅವರೇನು ಮಾಡಿಯಾರು? ‘ಟೆಲಿಗ್ರಾಂ ಕಚೇರಿಯಲ್ಲಿ ರಾತ್ರಿ ಪಾಳಿಯವರ ಕೆಲಸ ಹೇಗಿತ್ತು, ಅಂಥದ್ದು ಎಲ್ಲಿ ಸಿಗುತ್ತದೆ’ ಎಂದು ಕೇಳಿ. ಕಪಾಟಿನಲ್ಲಿ ಇಡದ ಪುಸ್ತಕವೂ ಒಳಗಿನಿಂದ ಬರುತ್ತದೆ.

ಕಾರ್ಡುಗಳು ಎಷ್ಟೇ ಇದ್ದರೂ ತಾವಾಗಿ ಬರಹವಾಗುವುದಿಲ್ಲ. ಅದಕ್ಕೆ ನನಗೆ ಬರೆಯುವವರ ಕೂಟ ಬೇಕು. ಕಾಯುವ ಕಿವಿಗಳಿವೆ, ತಾರೀಖು ಗೊತ್ತಾಗಿದೆ ಎಂದಾಗ ಕೈ ತಾನಾಗಿ ಓಡುತ್ತದೆ. ಐದರಿಂದ ಎಂಟು ಜನ, ಎರಡು ಗಂಟೆ, ಹದಿನೈದು ದಿನಕ್ಕೊಮ್ಮೆ. ಒಂದು ಸಲಕ್ಕೆ ಮೂವರು ಮಾತ್ರ ಓದಬೇಕು, ತಲಾ ಸುಮಾರು 600 ಪದ. ಗಟ್ಟಿಯಾಗಿ, ನಿಧಾನವಾಗಿ ಓದಿದರೆ ಆರೇಳು ನಿಮಿಷ ಹಿಡಿಯುತ್ತದೆ. ಒಂದೊಂದು ಓದಿನ ಪ್ರತಿಕ್ರಿಯೆಗೂ ಇಪ್ಪತ್ತು ನಿಮಿಷ ಇಟ್ಟರೂ ಕೊನೆಗೆ ಅರ್ಧ ಗಂಟೆ ಮಿಗುತ್ತದೆ. ಆಗ ಪ್ರತಿಯೊಬ್ಬರೂ ಒಂದು ಕಾರ್ಡನ್ನು ಮೇಜಿನ ಮೇಲೆ ಇಟ್ಟು, ಇನ್ನೊಬ್ಬರ ಕಾರ್ಡು ಎತ್ತಿಕೊಂಡು ಹದಿನೈದು ನಿಮಿಷ ಬರೆಯುವುದು. ಒಂದೇ ಸಂಗತಿ ಬೇರೆ ಕೈಗೆ ಹೋಗಿ ಏನಾಗುತ್ತದೆ ಎಂದು ನೋಡುವುದರಲ್ಲಿ ಸಿಗುವ ಹುರುಪು ಯಾವ ಉಪನ್ಯಾಸದಲ್ಲೂ ಸಿಗದು.

ಓದಿದವರು ಪ್ರತಿಕ್ರಿಯೆ ಮುಗಿಯುವವರೆಗೆ ಮಾತಾಡಕೂಡದು. 1956ರಲ್ಲಿ ಶುರುವಾದ ಅಮೆರಿಕದ ಮಿಲ್ಫರ್ಡ್ ಬರಹಗಾರರ ಕಮ್ಮಟದ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ ಇದು, ಈಗಲೂ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಬರೆದವರು ವಿವರಿಸಲು ಹೊರಟ ಕೂಡಲೇ ಕೇಳುಗರು ಹಾಳೆಯಲ್ಲಿ ಇಲ್ಲದ್ದನ್ನೂ ಇದೆಯೆಂದು ಒಪ್ಪಿಕೊಳ್ಳುತ್ತಾರೆ. ಕೇಳುಗರು ‘ಚೆನ್ನಾಗಿದೆ’ ಎಂದರೆ ಪ್ರಯೋಜನವಿಲ್ಲ. ಎಲ್ಲಿ ಚಿತ್ರ ಕಣ್ಣಿಗೆ ಕಟ್ಟಿತು, ಎಲ್ಲಿ ಗಮನ ಜಾರಿತು, ಮುಂದೆ ಏನು ತಿಳಿಯಬೇಕೆನ್ನಿಸಿತು, ಈ ಮೂರು ಹೇಳಿದರೆ ಸಾಕು. ‘ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ’ ಎಂಬ ಮಾತು ಬಂದಾಗ ಸಮಯ ನೋಡಿಕೊಳ್ಳುವವರು ತಡೆಯಬೇಕು. ಕಾಗುಣಿತದ ತಪ್ಪುಗಳನ್ನು ಪ್ರತಿಯ ಮೇಲೆ ಗುರುತಿಸಿ ಕೊಟ್ಟರಾಯಿತು.

ಕೂಟ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಬಲ್ಲವರೆನಿಸಿಕೊಂಡ ಒಬ್ಬರು ಮೊದಲು ತೀರ್ಪು ಕೊಟ್ಟರೆ ಉಳಿದವರು ಅದನ್ನೇ ಅನುಮೋದಿಸುತ್ತಾರೆ, ಆದ್ದರಿಂದ ಅನುಭವಿಗಳು ಕೊನೆಯಲ್ಲಿ ಮಾತಾಡಲಿ. ಎರಡನೆಯದು, ಬರೆಯದೆ ಬಂದವರು ಬರೆಯಬೇಕೆಂದಿರುವ ಕಥೆಯನ್ನು ಬಾಯಲ್ಲಿ ಹೇಳಿಬಿಡುವುದು. ಹೇಳಿ ಮುಗಿಸಿದ ಕಥೆಯನ್ನು ಬರೆಯುವ ಉಮೇದು ಉಳಿಯುವುದಿಲ್ಲ. ಅಂಥವರು ಅರ್ಧ ಪುಟವಾದರೂ ಸರಿ, ಬರೆದದ್ದನ್ನೇ ಓದಲಿ. ಅದೂ ಇಲ್ಲದಿದ್ದರೆ ಆ ದಿನದ ಕಾರ್ಡು ಎತ್ತಿಕೊಂಡು ಬರೆಯಲು ಕೂರಲಿ.