ಕ್ರೋಮ್‌ನಲ್ಲಿ ಯೂಬ್ಲಾಕ್ ಆರಿಜಿನ್ ನಿಂತುಹೋಯಿತು: ನನಗೆ ಕೆಲಸ ಮಾಡಿದ ದಾರಿ

ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಯೂಬ್ಲಾಕ್ ಆರಿಜಿನ್‌ಗೆ 2025ರಲ್ಲಿ ಬಂದ ಕ್ರೋಮ್ 139ರಿಂದ ಬೆಂಬಲವಿಲ್ಲ. ಪಾಲಿಸಿ (ಕಚೇರಿಗಳು ಕ್ರೋಮನ್ನು ನಿಯಂತ್ರಿಸಲು ಇರುವ ಸೆಟ್ಟಿಂಗ್) ಬದಲಿಸಿ ಉಳಿಸಿಕೊಳ್ಳುವ ಉಪಾಯ 138ಕ್ಕೇ ಮುಗಿಯಿತು, ಅದರ ಹಿಂದೆ ಬೀಳಬೇಡಿ.

ಕಾರಣ ಮ್ಯಾನಿಫೆಸ್ಟ್ ವಿ3, ಅಂದರೆ ಎಕ್ಸ್‌ಟೆನ್ಷನ್‌ಗಳಿಗೆ ಗೂಗಲ್ ತಂದ ಹೊಸ ಚೌಕಟ್ಟು. ಮೊದಲು ಪುಟ ತೆರೆಯುವಾಗ ಹೊರಡುವ ಪ್ರತಿ ರಿಕ್ವೆಸ್ಟನ್ನೂ ಎಕ್ಸ್‌ಟೆನ್ಷನ್ನೇ ನೋಡಿ, ಬೇಡವಾದದ್ದನ್ನು ಅಲ್ಲೇ ತಡೆಯುತ್ತಿತ್ತು. ಈಗ ನಿಯಮಗಳ ಪಟ್ಟಿಯನ್ನು ಮುಂಚೆಯೇ ಬ್ರೌಸರ್ ಕೈಗೆ ಕೊಟ್ಟು ಸುಮ್ಮನಿರಬೇಕು, ತೀರ್ಮಾನ ಬ್ರೌಸರಿನದು. ಒಂದು ಎಕ್ಸ್‌ಟೆನ್ಷನ್‌ಗೆ ಖಾತರಿಯಾಗಿ ಸಿಗುವುದು 30,000 ಸ್ಟ್ಯಾಟಿಕ್ ನಿಯಮ (ಎಕ್ಸ್‌ಟೆನ್ಷನ್ ಜೊತೆಗೇ ಬರುವ ನಿಯಮ). ಜಾಹೀರಾತು ಮಾರುವ ಕಂಪನಿಯದೇ ಬ್ರೌಸರ್ ಎಂಬುದನ್ನು ಮರೆಯುವಂತಿಲ್ಲ.

ನಾನು ಫೈರ್‌ಫಾಕ್ಸ್‌ಗೆ ಬಂದೆ; ಅಲ್ಲಿ ಹಳೆಯ ವಿಧಾನ ಇನ್ನೂ ಇದೆ. ಯೂಬ್ಲಾಕ್ ಇನ್ನೂ ಓಡುತ್ತಿರುವ ಕಂಪ್ಯೂಟರ್ ಒಂದಿದ್ದರೆ ಅದರ ಡ್ಯಾಶ್‌ಬೋರ್ಡ್ ತೆರೆದು, ಸೆಟ್ಟಿಂಗ್ಸ್ ಟ್ಯಾಬಿನ ತಳದಲ್ಲಿರುವ ಬ್ಯಾಕಪ್ ಗುಂಡಿ ಒತ್ತಿ. ಒಂದು ಟೆಕ್ಸ್ಟ್ ಫೈಲ್ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಅದೇ ಜಾಗದಲ್ಲಿ ರಿಸ್ಟೋರ್ ಕೊಟ್ಟರೆ ನಿಮ್ಮ ಫಿಲ್ಟರುಗಳು, ವಿನಾಯಿತಿ ಕೊಟ್ಟ ಸೈಟುಗಳು ಎಲ್ಲ ಬರುತ್ತವೆ. ನಿಷ್ಕ್ರಿಯಗೊಂಡ ಮೇಲೆ ಡ್ಯಾಶ್‌ಬೋರ್ಡೇ ತೆರೆಯುವುದಿಲ್ಲ, ಆಗ ಕೈಯಾರೆ ಸೇರಿಸಬೇಕು. ಪ್ರೈವೇಟ್ ವಿಂಡೋಗೆ ಅನುಮತಿ ಬೇರೆಯೇ ಕೊಡಬೇಕು. ಇದನ್ನು ಮರೆತು "ಕೆಲಸ ಮಾಡ್ತಿಲ್ಲ" ಅನ್ನುವವರೇ ಹೆಚ್ಚು. ಜೊತೆಗೆ ಇನ್ನೊಂದು ಬ್ಲಾಕರ್ ಹಾಕಬೇಡಿ, ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಆಂಡ್ರಾಯ್ಡ್ ಫೈರ್‌ಫಾಕ್ಸ್‌ನಲ್ಲೂ ಇದೇ ಯೂಬ್ಲಾಕ್ ಓಡುತ್ತದೆ.

ಕಚೇರಿಯಲ್ಲಿ ಕ್ರೋಮ್ ಬಿಡಲಾಗದಿದ್ದರೆ ಮ್ಯಾನಿಫೆಸ್ಟ್ ವಿ3ಕ್ಕೆ ಹೊಂದುವ ಯೂಬ್ಲಾಕ್ ಆರಿಜಿನ್ ಲೈಟ್ ಹಾಕಿ, ತೊಂದರೆ ಕೊಡುವ ಸೈಟಿಗೆ ಮಾತ್ರ ಸ್ಲೈಡರನ್ನು 'ಕಂಪ್ಲೀಟ್'ಗೆ ಎಳೆಯಿರಿ. ಆದರೆ ಡೈನಾಮಿಕ್ ಫಿಲ್ಟರಿಂಗ್ (ಯಾವ ಸೈಟಿನಲ್ಲಿ ಏನನ್ನು ತಡೆಯಬೇಕೆಂದು ನಾವೇ ಆಗಿಂದಾಗ ಆರಿಸುವ ಸೌಲಭ್ಯ) ಅದರಲ್ಲಿಲ್ಲ.