ಗ್ರೂಪ್ ಅಡ್ಮಿನ್ ಆದೋರು ಮುಖ ನೋಡಿ ಮಣೆ ಹಾಕದೇ ಇರೋದು ಹೇಗೆ

2024ರ ಮಾರ್ಚ್, ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಎದ್ದಿದ್ದ ಟೈಮು. ನಮ್ಮ ಅಪಾರ್ಟ್‌ಮೆಂಟ್ ಬೋರ್‌ವೆಲ್ ಬತ್ತಿ ಎಲ್ಲಾ ಟ್ಯಾಂಕರ್ ಮೇಲೇ ನಡೀತಿತ್ತು. ಮೂರನೇ ಫ್ಲೋರಿನ ಬಾಡಿಗೆಯವರೊಬ್ರು ವಾಟ್ಸಾಪ್ ಗ್ರೂಪಲ್ಲಿ "ದಿನಕ್ಕೆ ಎಷ್ಟು ಟ್ಯಾಂಕರ್ ಬರ್ತಿದೆ, ಬಿಲ್ ಹಾಕಿ, ಯಾರೋ ಇದ್ರಲ್ಲಿ ದುಡ್ಡು ಹೊಡೀತಿದ್ದಾರೆ" ಅಂತ ಬರೆದ್ರು. ನಾನು ಅಡ್ಮಿನ್, ಜಗಳ ಬೆಳೆಯೋದು ಬೇಡ ಅಂತ ತಕ್ಷಣ ಡಿಲೀಟ್ ಮಾಡ್ಬಿಟ್ಟೆ. ಅವತ್ತೇ ಸಂಜೆ, ದಿನಾ ನನ್ನ ಜೊತೆ ವಾಕಿಂಗ್ ಬರೋ ಓನರ್ ಒಬ್ರು ಅದೇ ಮಾತನ್ನ ಇನ್ನೂ ಖಾರವಾಗಿ ಬರೆದ್ರು, ಅದನ್ನ ನಾನು ಮುಟ್ಟಲಿಲ್ಲ. ರಾತ್ರಿ ಬಾಡಿಗೆಯವರು ಓನರ್ ಮೆಸೇಜಿನ ಸ್ಕ್ರೀನ್‌ಶಾಟ್ ನನಗೆ ಕಳಿಸಿ, ಕೆಳಗೆ ತಾವು ಬರೆದಿದ್ದನ್ನ ಮತ್ತೆ ಟೈಪ್ ಮಾಡಿ, "ಸರ್, ಎರಡಕ್ಕೂ ಏನು ವ್ಯತ್ಯಾಸ ಹೇಳಿ" ಅಂತ ಕೇಳಿದ್ರು. ಹೇಳೋಕೆ ನನ್ನ ಹತ್ರ ಏನೂ ಇರ್ಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ಅದನ್ನೇ ಮಾಡಿದ್ದೆ. ಮಾರನೇ ದಿನ ಗ್ರೂಪಲ್ಲೇ ಕ್ಷಮೆ ಕೇಳಿದೆ. ಅಲ್ಲಿಂದ ಕಲಿತಿದ್ದನ್ನ ಇಲ್ಲಿ ಬರೀತಿದ್ದೀನಿ, ಅಪಾರ್ಟ್‌ಮೆಂಟ್ ಗ್ರೂಪ್ ಇರ್ಲಿ, ಊರಿನ ಗ್ರೂಪ್ ಇರ್ಲಿ, ಸ್ಕೂಲ್ ಪೇರೆಂಟ್ಸ್ ಗ್ರೂಪ್ ಇರ್ಲಿ, ನೋಡ್ಕೊಂಡು ಬೇಕಾದ್ದು ತಗೊಳ್ಳಿ.

ಮೊದ್ಲು ರೂಲ್ಸ್. ನಾಲ್ಕೈದು ಸಾಲು ಸಾಕು, ಗ್ರೂಪ್ ಡಿಸ್ಕ್ರಿಪ್ಷನ್‌ನಲ್ಲಿ ಕಾಣೋ ಹಾಗೆ ಹಾಕಿ. ಆದ್ರೆ "ಎಲ್ಲರೂ ಸಭ್ಯವಾಗಿರಿ" ಅಂತ ಬರೆದ್ರೆ ಏನೂ ಪ್ರಯೋಜನ ಇಲ್ಲ, ಯಾಕಂದ್ರೆ ಸಭ್ಯ ಅನ್ನೋದನ್ನ ಕೊನೆಗೆ ಅಡ್ಮಿನ್ನೇ ಅಳೆಯೋದು, ಅವನ ಮೂಡ್ ಹೇಗಿರುತ್ತೋ ಹಾಗೆ. ಓದಿದ ತಕ್ಷಣ ಹೌದು ಅಥವಾ ಇಲ್ಲ ಅನ್ನೋ ಹಾಗಿರ್ಬೇಕು. ಚುನಾವಣೆ ಪೋಸ್ಟರ್ ಬೇಡ, ಬೇರೆಯವರ ಫೋಟೋ ಫೋನ್ ನಂಬರ್ ಅವರನ್ನ ಕೇಳದೇ ಹಾಕಬೇಡಿ, ಜಾತಿ ಧರ್ಮ ಎತ್ತಿ ಬೈಯಬೇಡಿ, ಈ ತರ. ಇನ್ನೊಂದು ಬಹಳ ಮುಖ್ಯ, ಕೆಲಸದ ಬಗ್ಗೆ ಏನು ಬೇಕಾದ್ರೂ ಕೇಳಬಹುದು, ಮನುಷ್ಯನನ್ನ ಬೈಯೋ ಹಾಗಿಲ್ಲ ಅಂತ ಸೇರಿಸಿ. "ಸೆಕ್ರೆಟರಿ ಮೂರು ತಿಂಗಳಿಂದ ಲೆಕ್ಕ ಕೊಟ್ಟಿಲ್ಲ" ಅನ್ನೋದು ಇರ್ಬೇಕಾದ ಮೆಸೇಜು. "ಸೆಕ್ರೆಟರಿ ಕಳ್ಳ" ಅನ್ನೋದು ಹೋಗ್ಬೇಕು. ರೂಲ್ಸ್ ನೀವೊಬ್ರೇ ಕೂತು ಬರೀಬೇಡಿ, ಪೋಲ್ ಹಾಕಿ ಎಲ್ಲರನ್ನೂ ಕೇಳಿ. ತಾವೇ ಒಪ್ಪಿದ್ದನ್ನ ಆಮೇಲೆ ಅಡ್ಮಿನ್ ದಬ್ಬಾಳಿಕೆ ಅಂತ ಯಾರೂ ಹೇಳಲ್ಲ.

ಇನ್ನು ಡಿಲೀಟ್ ಮಾಡೋ ವಿಷಯ, ಇದೇ ನಿಜವಾದ ಕಷ್ಟ. ವಾಟ್ಸಾಪಲ್ಲಿ ಅಡ್ಮಿನ್ ಯಾರ ಮೆಸೇಜನ್ನಾದ್ರೂ ತೆಗೀಬಹುದು, ಆದ್ರೆ ಅಡ್ಮಿನ್ ತೆಗೆದ್ರು ಅಂತ ನಿಮ್ಮ ಹೆಸರಿನ ಸಮೇತ ಎಲ್ಲರಿಗೂ ಕಾಣುತ್ತೆ. ಬರೆದವರಿಗೆ ಹತ್ತು ಜನರ ಮುಂದೆ ಕಪಾಳಕ್ಕೆ ಹೊಡೆದ ಹಾಗೆ ಆಗುತ್ತೆ. ಹಾಗಾಗಿ ಅರ್ಜೆಂಟ್ ಇಲ್ಲ ಅಂದ್ರೆ ಮೊದ್ಲು ಅವರಿಗೇ ಪರ್ಸನಲ್ ಆಗಿ ಬರೀರಿ: "ಅಂಕಲ್, ಟ್ಯಾಂಕರ್ ಪ್ರಶ್ನೆ ಸರಿಯಾಗಿದೆ, ಅದು ಇರ್ಲಿ, ಕೊನೇ ಸಾಲಲ್ಲಿ ಅವರ ಹೆಸರು ಹಿಡಿದು ಬೈದಿದ್ದೀರ, ಅದೊಂದು ತೆಗೆದು ಮತ್ತೆ ಹಾಕ್ತೀರಾ?" ಕಳಿಸಿ 15 ನಿಮಿಷ ಆಗಿಲ್ಲ ಅಂದ್ರೆ ಅವರೇ ಎಡಿಟ್ ಮಾಡಬಹುದು, ಎರಡು ದಿನದ ಒಳಗಾದ್ರೆ ಅವರೇ ಎಲ್ಲರಿಗೂ ಡಿಲೀಟ್ ಮಾಡಬಹುದು. ಹೆಚ್ಚಿನ ಜನ ಹೀಗೆ ಕೇಳಿದ್ರೆ ಮಾಡ್ತಾರೆ, ನನ್ನ ಅನುಭವದಲ್ಲಿ ಹಿರಿಯರಂತೂ ಮರ್ಯಾದೆ ಕೊಟ್ಟು ಕೇಳಿದ್ರೆ ಒಂದು ಮಾತೂ ಆಡದೇ ತೆಗೀತಾರೆ. ಒಪ್ಪಲಿಲ್ಲ ಅಂದ್ರೆ ನೀವು ತೆಗೀರಿ, ತೆಗೆದು ಗ್ರೂಪಲ್ಲಿ ಒಂದು ಸಾಲು, "ಮೂರನೇ ರೂಲ್ ಪ್ರಕಾರ ಒಂದು ಮೆಸೇಜ್ ತೆಗೆದಿದ್ದೀನಿ" ಅಂತ. ಯಾರದ್ದು, ಏನು ಅಂತ ಅಲ್ಲಿ ಎಳೆಯೋದು ಬೇಡ.

ಕಾಯೋ ಹಾಗಿಲ್ಲದ ಮೆಸೇಜೂ ಇರ್ತವೆ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಫಾರ್ವರ್ಡು, ಯಾವುದೋ ಗಾಡಿ ನಂಬರ್ ಹಾಕಿ "ಇವರನ್ನ ಹಿಡೀರಿ" ಅನ್ನೋದು, ಹೆಣ್ಣುಮಕ್ಕಳ ಫೋಟೋ. ಇವನ್ನ ಮೊದ್ಲು ತೆಗೀರಿ, ಮಾತು ಆಮೇಲೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕ್ಲೇಟ್ ಕೊಟ್ಟವರನ್ನ ಮಕ್ಕಳ ಕಳ್ಳರು ಅಂತ ವಾಟ್ಸಾಪಲ್ಲಿ ಹಬ್ಬಿಸಿ, ಹೈದರಾಬಾದಿಂದ ಬಂದಿದ್ದ ಒಬ್ಬ ಇಂಜಿನಿಯರ್‌ನ ಜನ ಸೇರಿ ಹೊಡೆದು ಕೊಂದ್ರು. ಅಂಥ ಮೆಸೇಜ್ ನಮ್ಮ ಗ್ರೂಪಿಂದ ದಾಟಿ ಹೋಗ್ಬಾರ್ದು, ಅಷ್ಟೇ.

ಕೆಲವು ಅಡ್ಮಿನ್‌ಗಳು ಕೇಸ್ ಆಗುತ್ತೆ ಅಂತ ಹೆದರಿ ಸಿಕ್ಕಿದ್ದೆಲ್ಲಾ ಡಿಲೀಟ್ ಮಾಡ್ತಾರೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ, ಬೇರೆಯವರು ಹಾಕಿದ ಮೆಸೇಜಿಗೆ ಬರೀ ಅಡ್ಮಿನ್ ಅನ್ನೋ ಕಾರಣಕ್ಕೆ ಅಡ್ಮಿನ್‌ನ ಹೊಣೆ ಮಾಡೋಕಾಗಲ್ಲ ಅಂತ ಹೇಳಿವೆ. ಹಾಗಂತ ನೋಡಿಯೂ ನೋಡದ ಹಾಗೆ ಇರಿ ಅಂತಲ್ಲ, ಹೆದರ್ಕೊಂಡು ಕಮಿಟಿ ವಿರುದ್ಧದ ದೂರನ್ನೂ ಅಳಿಸಬೇಡಿ ಅಂತ.

ಅಡ್ಮಿನ್ ಒಬ್ರೇ ಇರ್ಬಾರ್ದು. ಕಡಿಮೆ ಅಂದ್ರೂ ಮೂರು ಜನ, ಅದರಲ್ಲಿ ಒಬ್ರು ಬಾಡಿಗೆಯವರು, ಒಬ್ರು ಹೆಂಗಸರು, ಮತ್ತೆ ಮೂರೂ ಜನ ಕಮಿಟಿಯವರೇ ಆಗಿರ್ಬಾರ್ದು. ನಿಮ್ಮದೇ ಜಗಳ ಆದ್ರೆ, ನಿಮ್ಮ ಪಾರ್ಕಿಂಗು, ನಿಮ್ಮ ನಾಯಿ, ನಿಮ್ಮ ಅಣ್ಣನ ಮನೆ, ಆಗ ನೀವು ಬಟನ್ ಮುಟ್ಟೋ ಹಾಗಿಲ್ಲ, ಇನ್ನಿಬ್ರು ನೋಡ್ಕೋಬೇಕು. ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕೋ ಹಾಗೆ ಲಾಕ್ ಮಾಡೋ ಸೆಟ್ಟಿಂಗ್ ಇದೆಯಲ್ಲ, ಅದನ್ನ ರಾತ್ರಿ ಹನ್ನೊಂದಕ್ಕೆ ಜಗಳ ಕಾವೇರಿದಾಗ ಬಳಸಬಹುದು, ಆದ್ರೆ ಬೆಳಗ್ಗೆ ಎಂಟಕ್ಕೆ ತೆಗೀತೀನಿ ಅಂತ ಹೇಳಿಯೇ ಹಾಕಿ, ಹೇಳಿದ ಟೈಮಿಗೆ ತೆಗೀರಿ. ಲೆಕ್ಕ ಕೇಳಿದಾಗ ಲಾಕ್ ಮಾಡಿದ್ರೆ ಜನ ಸುಮ್ಮನಾಗಲ್ಲ, ಇನ್ನೊಂದು ಗ್ರೂಪ್ ಮಾಡ್ಕೋತಾರೆ.

ಭಾಷೆ ಬಗ್ಗೆನೂ ಹೇಳ್ಬೇಕು. ನಮ್ಮಲ್ಲಿ ಒಬ್ರು ಅಜ್ಜಿ ಟೈಪ್ ಮಾಡೋಕೆ ಬರದೇ ಕನ್ನಡದಲ್ಲಿ ವಾಯ್ಸ್ ಮೆಸೇಜ್ ಹಾಕ್ತಿದ್ರು, ಒಬ್ರು "ಇಂಗ್ಲಿಷಲ್ಲಿ ಟೈಪ್ ಮಾಡಿ" ಅಂದ್ಬಿಟ್ರು. ಅಜ್ಜಿ ಎರಡು ವಾರ ಏನೂ ಹಾಕಲಿಲ್ಲ. ಇಂಥ ಕಡೆ ಅಡ್ಮಿನ್ ಬಾಯಿ ಮುಚ್ಕೊಂಡಿರೋದೂ ಪಕ್ಷಪಾತವೇ. ಈಗ ನಮ್ಮ ನೋಟಿಸ್ ಎಲ್ಲಾ ಕನ್ನಡ ಇಂಗ್ಲಿಷ್ ಎರಡರಲ್ಲೂ ಬರುತ್ತೆ, ಯಾರು ಯಾವ ಭಾಷೆಲಿ ಬೇಕಾದ್ರೂ ಮಾತಾಡಬಹುದು, ಅರ್ಥ ಆಗದವರಿಗೆ ಪಕ್ಕದಲ್ಲಿರೋರು ಹೇಳ್ತಾರೆ.

ಗ್ರೂಪಿಂದ ತೆಗೆಯೋದು ಕೊನೆಗೆ. ಒಬ್ಬರ ಬಾಯಿ ಮಾತ್ರ ಸ್ವಲ್ಪ ದಿನ ಮುಚ್ಚಿಸೋ ಆಪ್ಷನ್ ವಾಟ್ಸಾಪಲ್ಲಿ ಇಲ್ಲ, ಟೆಲಿಗ್ರಾಮಲ್ಲಿ ಇದೆ. ಅದಕ್ಕೆ ನಾವು ಎರಡು ಸಲ ಎಚ್ಚರಿಕೆ, ಮೂರನೇ ಸಲ ಒಂದು ವಾರ ಹೊರಗೆ, ವಾಪಸ್ ಸೇರಿಸೋ ತಾರೀಖನ್ನೂ ಅವತ್ತೇ ಹೇಳ್ತೀವಿ. ನೀರು ಕರೆಂಟ್ ನೋಟಿಸ್ ಮಾತ್ರ ಆ ವಾರನೂ ಅವರಿಗೆ ತಪ್ಪದೇ ಕಳಿಸ್ಬೇಕು, ಶಿಕ್ಷೆ ಮಾತಿಗೆ, ನೀರಿಗಲ್ಲ.

ಇದಕ್ಕೆಲ್ಲಾ ಒಂದು 200 ಪೇಜಿನ ನೋಟ್‌ಬುಕ್ ಇಟ್ಟಿದ್ದೀನಿ. ತಾರೀಖು, ಯಾವ ಮೆಸೇಜು, ಯಾವ ರೂಲು, ಯಾವ ಅಡ್ಮಿನ್ ತೆಗೆದಿದ್ದು. ಯಾರು ಕೇಳಿದ್ರೂ ಅವರ ಮೆಸೇಜಿನ ಸಾಲು ತೋರಿಸ್ತೀವಿ. ಮೊದಲ ಪೇಜಲ್ಲಿ ಆ ಮೂರನೇ ಫ್ಲೋರಿನವರ ಟ್ಯಾಂಕರ್ ಮೆಸೇಜ್ ಇದೆ, ರೂಲ್ ಕಾಲಂನಲ್ಲಿ "ಯಾವುದೂ ಇಲ್ಲ" ಅಂತ ನನ್ನ ಕೈಬರಹದಲ್ಲೇ ಬರೆದಿದ್ದೀನಿ. ಈ ವರ್ಷ ವಾರ್ಷಿಕ ಸಭೆಯಲ್ಲಿ ಹೊಸ ಅಡ್ಮಿನ್‌ಗೆ ಆ ಬುಕ್ಕನ್ನ ಕೊಡ್ತೀನಿ.