ಸಮಯ ಹೊಂದಾಣಿಕೆ ತಂತ್ರಾಂಶದಲ್ಲಿ ಖಾಲಿ ಪ್ಯಾಕೆಟ್‌ಗಳನ್ನು ನಿರ್ವಹಿಸುವ ಬಗೆ

ಜಾಲದ ಮೂಲಕ ಕಂಪ್ಯೂಟರ್ ಗಡಿಯಾರಗಳನ್ನು ಹೊಂದಿಸುವ ಎನ್‌ಟಿಪಿ ವಿಧಾನದ ಸಂದೇಶಗಳು ಯುಡಿಪಿಯ (ಸಂಪರ್ಕ ಸ್ಥಾಪಿಸದೆ ಬಿಡಿ ಪ್ಯಾಕೆಟ್‌ಗಳನ್ನು ಕಳುಹಿಸುವ ವಿಧಾನ) 123ನೇ ಪೋರ್ಟ್‌ನಲ್ಲಿ ಸಂಚರಿಸುತ್ತವೆ. ಯುಡಿಪಿ ಹೆಡರ್ 8 ಬೈಟ್‌ಗಳದ್ದು. ಅದರ ನಂತರ ಒಂದು ಬೈಟ್ ದತ್ತಾಂಶವೂ ಇಲ್ಲದಿದ್ದರೂ ಪ್ಯಾಕೆಟ್ ನಿಯಮಬದ್ಧವೇ ಆಗಿರುತ್ತದೆ. ಪೋರ್ಟ್ ಸ್ಕ್ಯಾನರ್‌ನಿಂದಲೋ, ದೋಷವುಳ್ಳ ಕ್ಲೈಂಟ್‌ನಿಂದಲೋ ಅಂಥದ್ದು ಬಂದೇ ಬರುತ್ತದೆಂದು ಭಾವಿಸಿಯೇ ಕೋಡ್ ಬರೆಯಬೇಕು.

ಮೊದಲು, ಬಂದ ಪ್ಯಾಕೆಟನ್ನು ಸಾಕೆಟ್‌ನಿಂದ (ಪ್ರೋಗ್ರಾಂ ಜಾಲದೊಂದಿಗೆ ವ್ಯವಹರಿಸುವ ದ್ವಾರ) ಓದುವ ರಿಸೀವ್‌ಫ್ರಮ್ (recvfrom) ಕರೆ ಹಿಂದಿರುಗಿಸುವ ಮೌಲ್ಯವನ್ನು, ಅಂದರೆ ಓದಿದ ಬೈಟ್‌ಗಳ ಸಂಖ್ಯೆಯನ್ನು ಅಥವಾ ದೋಷ ಸೂಚಿಸುವ -1 ಅನ್ನು, ಸರಿಯಾಗಿ ಅರ್ಥೈಸಬೇಕು. ಸಂಪರ್ಕ ಸ್ಥಾಪಿಸಿಕೊಂಡು ದತ್ತಾಂಶ ಕಳುಹಿಸುವ ಟಿಸಿಪಿಯಲ್ಲಿ ಸೊನ್ನೆ ಬಂದರೆ ಎದುರಿನವರು ಕಳುಹಿಸುವುದನ್ನು ಮುಗಿಸಿದ್ದಾರೆ ಎಂದರ್ಥ. ಯುಡಿಪಿಯಲ್ಲಿ ಅದು ಖಾಲಿ ಪ್ಯಾಕೆಟ್‌ನ ಗುರುತಷ್ಟೇ, ಆದ್ದರಿಂದ ಸಾಕೆಟ್ ಮುಚ್ಚಬಾರದು. ದೋಷಸಂಖ್ಯೆ ಇಡುವ ಎರ್‌ನೋ (errno) ಚರವನ್ನು -1 ಬಂದಾಗ ಮಾತ್ರ ನೋಡಬೇಕು, ಏಕೆಂದರೆ ಉಳಿದ ಸಂದರ್ಭಗಳಲ್ಲಿ ಅದರಲ್ಲಿ ಹಿಂದಿನ ಯಾವುದೋ ಕರೆಯ ದೋಷಸಂಖ್ಯೆ ಉಳಿದಿರಬಹುದು.

ಇನ್ನೂ ಕೆಟ್ಟ ದೋಷವೊಂದಿದೆ. ಎಷ್ಟು ಬೈಟ್‌ಗಳು ಬಂದಿವೆ ಎಂದು ಮೊದಲೇ ವಿಚಾರಿಸಿ, ಸೊನ್ನೆ ಎಂದಾದರೆ ಓದದೆಯೇ ಮರಳುವ ಕೋಡ್‌ನಲ್ಲಿ ಆ ಪ್ಯಾಕೆಟ್ ಸರದಿಯಲ್ಲೇ ಉಳಿಯುತ್ತದೆ. ಸಾಕೆಟ್‌ನಲ್ಲಿ ಓದಲು ಏನಾದರೂ ಇದೆಯೇ ಎಂದು ತಿಳಿಸುವ ಪೋಲ್ (poll) ಕರೆ ಮತ್ತೆ ಮತ್ತೆ ‘ಓದಲು ಸಿದ್ಧ’ ಎನ್ನುತ್ತದೆ, ಲೂಪ್ ಬಿಡುವಿಲ್ಲದೆ ಸುತ್ತಿ ಸಿಪಿಯು ಪೂರ್ತಿ ವ್ಯಯವಾಗುತ್ತದೆ, ಹಿಂದೆ ನಿಂತ ನಿಜವಾದ ಉತ್ತರಗಳು ಪ್ರೋಗ್ರಾಂಗೆ ತಲುಪುವುದೇ ಇಲ್ಲ. ಖಾಲಿಯಾಗಿದ್ದರೂ ಓದಿ ಹೊರತೆಗೆಯಲೇಬೇಕು.

ಓದಿದ ಬಳಿಕ, ಬಫರ್‌ನ (ಓದಿದ ದತ್ತಾಂಶ ಇಡುವ ಸ್ಮೃತಿಭಾಗ) ಒಳಗನ್ನು ನೋಡುವ ಮುನ್ನವೇ ಉದ್ದವನ್ನು ಪರೀಕ್ಷಿಸಿ, ಎನ್‌ಟಿಪಿ ಸಂದೇಶದ ಕನಿಷ್ಠ ಉದ್ದವಾದ 48 ಬೈಟ್‌ಗಳಿಗಿಂತ ಕಡಿಮೆಯಿದ್ದುದನ್ನೆಲ್ಲ ಕೈಬಿಡಬೇಕು. ಬಫರ್ ಮರುಬಳಕೆಯಾಗುತ್ತಿದ್ದರೆ ಹಿಂದಿನ ಪ್ಯಾಕೆಟ್‌ನ ಸಮಯಮುದ್ರೆಗಳು ಅಲ್ಲಿಯೇ ಇರುತ್ತವೆ; ಉದ್ದ ನೋಡದ ಕೋಡ್ ಅವನ್ನೇ ಹೊಸ ಉತ್ತರವೆಂದು ಓದಿಬಿಡುತ್ತದೆ.

ಕೈಬಿಟ್ಟ ಪ್ಯಾಕೆಟ್ ಪ್ರೋಗ್ರಾಂನ ಸ್ಥಿತಿಯನ್ನು ಬದಲಿಸಬಾರದು. ಅದಕ್ಕೆ ಉತ್ತರ ಕಳುಹಿಸಬಾರದು, ಸರ್ವರ್ ತಲುಪಿತೆಂಬ ದಾಖಲೆಯಲ್ಲಿ ಅದನ್ನು ಸೇರಿಸಬಾರದು, ಕಾಯುವ ಗಡುವನ್ನು ಹೊಸದಾಗಿ ಆರಂಭಿಸಲೂಬಾರದು. ಇಲ್ಲವಾದರೆ ಖಾಲಿ ಪ್ಯಾಕೆಟ್‌ಗಳನ್ನು ಕಳುಹಿಸುತ್ತಲೇ ಇರುವವರು ಕ್ಲೈಂಟನ್ನು ಎಷ್ಟು ಹೊತ್ತಾದರೂ ಕಾಯಿಸಬಲ್ಲರು. ಗಡುವಿನ ಲೆಕ್ಕಕ್ಕೆ ಎಂದೂ ಹಿಂದಕ್ಕೆ ಸರಿಯದ ಮೊನೊಟಾನಿಕ್ ಗಡಿಯಾರವೇ ಸೂಕ್ತ, ಏಕೆಂದರೆ ಗೋಡೆ ಗಡಿಯಾರದಂತೆ ದಿನದ ಸಮಯ ತೋರಿಸುವ ಗಡಿಯಾರವನ್ನು ಈ ತಂತ್ರಾಂಶವೇ ಹಿಂದೆಮುಂದೆ ಸರಿಸುತ್ತಿರುತ್ತದೆ.

ಲಾಗ್‌ನಲ್ಲಿ ಕೈಬಿಟ್ಟ ಪ್ರತಿ ಪ್ಯಾಕೆಟ್‌ಗೂ ಒಂದು ಸಾಲು ಬರೆಯುವ ಬದಲು ಎಣಿಕೆಯೊಂದನ್ನು ಇಟ್ಟರೆ ಸಾಕು. ಕಳುಹಿಸಿದ ವಿಳಾಸವನ್ನು ತಾನಾಗಿ ನಿರ್ಬಂಧಿಸುವುದು ಆಕರ್ಷಕವೆನಿಸಿದರೂ ಅಪಾಯಕಾರಿ: ಯುಡಿಪಿಯಲ್ಲಿ ವಿಳಾಸವನ್ನು ನಕಲು ಮಾಡಬಹುದಾದ್ದರಿಂದ, ನಾವು ನಂಬಿದ ಸರ್ವರ್‌ನ ಹೆಸರಿನಲ್ಲೇ ಖಾಲಿ ಪ್ಯಾಕೆಟ್ ಕಳುಹಿಸಿ ಅದನ್ನೇ ನಮ್ಮಿಂದ ದೂರಮಾಡಲು ಸಾಧ್ಯ.

ಪರೀಕ್ಷಿಸುವಾಗ 0, 1 ಮತ್ತು 47 ಬೈಟ್‌ಗಳ ಪ್ಯಾಕೆಟ್‌ಗಳನ್ನು ಕಳುಹಿಸಿ, ಅವುಗಳ ಬೆನ್ನಿಗೇ ಸರಿಯಾದ 48 ಬೈಟ್‌ಗಳ ಉತ್ತರವನ್ನು ಕಳುಹಿಸಬೇಕು. ಆ ಉತ್ತರ ಸ್ವೀಕೃತವಾಗಿ, ಎಣಿಕೆ ಮೂರಷ್ಟೇ ಏರಿ, ಸಿಪಿಯು ಬಳಕೆ ಹೆಚ್ಚದೆ ಇದ್ದರೆ ಕೋಡ್ ಸರಿಯಾಗಿದೆ.